ನಾಲ್ಕನೇ ವಾರ್ಡಿನ ಮೂರನೇ ಕೂಸು

ಕಲ್ಲಹಿಪ್ಪರಗಿ
೨೬ ಜುಲೈ ೨೦೨೦

ಪ್ರಾಜಕ್ತಾ,

ಇದು ಕ್ಷೇಮ ಸಮಾಚಾರದ ಕಾಗದವಲ್ಲ. ಫೋನಿನಲ್ಲಿ ಆಡುವ ಮಾತೂ ಅಲ್ಲ. ಫೋನಿನಲ್ಲಿ ಆಡಿದ್ದನ್ನು ಹಿಡಿದಿಟ್ಟು ಊರಿಗೆಲ್ಲ ಕೇಳಿಸುವ ಖಂಡಪ್ಪನಂಥವರು ನಮ್ಮ ಓಣಿಯಲ್ಲೇ ಇದ್ದಾರೆ. ಈ ಕಾಗದ ತರುವ ಪೀರಪ್ಪ, ಕುಂಭಾರಿ ಊರಿನ ಹಾಲಿನ ಗಾಡಿ ಹೊಡೆಯುವವನು. ಅವನಿಗೆ ಕನ್ನಡ ಅಕ್ಷರ ಬಾರದು. ನಿನ್ನ ಗಂಡ ಶೈಲೇಶನಿಗೂ ಬಾರದು. ಅಕ್ಕಲಕೋಟದ ಕನ್ನಡ ಸಾಲೆಯಲ್ಲಿ ನಿನ್ನನ್ನು ಓದಿಸಿದಾಗ ನಿಮ್ಮ ಅಪ್ಪ, ಇದೇನು ಕೆಲಸಕ್ಕೆ ಬರುತ್ತದೆ ಎಂದಿದ್ದರು. ಈಗ ಬಂತು.

ನಿನ್ನ ವೈನಿ ಶೈಲಶ್ರೀಗೆ ಒಂಬತ್ತನೇ ತಿಂಗಳು ನಡೆದಿದೆ. ಇದು ಮೂರನೆಯದು. ನನಗೆ ಹೇಳಿದ್ದೇ ಐದು ತಿಂಗಳಾದ ಮೇಲೆ. ಅಷ್ಟರಲ್ಲಿ ಲಾಕ್‌ಡೌನ್ ಬಿದ್ದು ದವಾಖಾನೆಗಳು ಬಾಗಿಲು ಹಾಕಿದ್ದವು. ನಿನ್ನ ಅಣ್ಣ ಯೋಗಿರಾಜ ತಲೆ ತಗ್ಗಿಸಿ ನಿಂತ. ಅವನು ಯಾವಾಗಲೂ ಹಾಗೆಯೇ ನಿಲ್ಲುವವನು. ಇಲ್ಲಿಯ ಕಾಯ್ದೆ ನಿನಗೆ ಗೊತ್ತಿರಬೇಕು. ನಗರಸೇವಿಕೆಗೆ ಮೂರನೇ ಮಗು ಹುಟ್ಟಿದರೆ ನಗರ ಪರಿಷತ್ತಿನ ಸದಸ್ಯತ್ವ ಹೋಗುತ್ತದೆ. ನಿಮ್ಮ ಅಪ್ಪ ಮೂರು ಅವಧಿ, ನಾನು ಎರಡು, ಈಗ ಇವಳದು ಒಂದು. ನಾಲ್ಕನೇ ವಾರ್ಡು ಈ ಮನೆಯ ಕೈ ಬಿಟ್ಟದ್ದಿಲ್ಲ.

ಈ ತಿಂಗಳ ಸಾಮಾನ್ಯ ಸಭೆ ಫೋನಿನ ಮೇಲೆಯೇ ಆಯಿತು. ಮುಖ ಮಾತ್ರ ಕಾಣುವ ಹಾಗೆ ಫೋನನ್ನು ಜೋಳದ ಡಬ್ಬಿಗೆ ಒರಗಿಸಿ ಶೈಲಶ್ರೀಯನ್ನು ಕೂಡಿಸಿದೆ. ಗಟಾರಕ್ಕೆ ಔಷಧ ಹೊಡೆಯುವ ಠರಾವಿಗೆ ಕೈ ಎತ್ತಿದಳು, ನಳದ ನೀರು ನಾಲ್ಕು ದಿನಕ್ಕೊಮ್ಮೆಯಾದರೂ ಬಿಡಬೇಕೆಂದು ನಾನು ಹೇಳಿಕೊಟ್ಟಂತೆ ಹೇಳಿದಳು. ಯಾರಿಗೂ ಏನೂ ತಿಳಿಯಲಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಗುರುವಾರ ನೀನು ಪೀರಪ್ಪನ ಗಾಡಿಯಲ್ಲಿ ಬಾ, ಅವನಿಗೆ ಪಾಸು ಇದೆ. ಹೆರಿಗೆ ಮನೆಯಲ್ಲೇ ಆಗುತ್ತದೆ. ರಿಟೈರಾದ ನರ್ಸ್ ಇಂದುಬಾಯಿ ಬರುತ್ತಾಳೆ, ಬಾಯಿ ಬಿಡುವವಳಲ್ಲ. ಪರಿಷತ್ತಿನ ಜನ್ಮ ನೋಂದಣಿಯಲ್ಲಿ ಸಾತಲಿಂಗಪ್ಪ ನಾನು ಹೇಳಿದಂತೆ ಬರೆಯುತ್ತಾನೆ. ತಾಯಿ ಪ್ರಾಜಕ್ತಾ, ತಂದೆ ಶೈಲೇಶ. ಅವನನ್ನೂ ನಿನ್ನ ಅತ್ತೆಯನ್ನೂ ಒಪ್ಪಿಸುವುದು ನಿನ್ನ ಕೆಲಸ. ಮಾಹಿತಿ ಕೊಟ್ಟವರೆಂದು ಸಹಿ ನನ್ನದು. ನಾಲ್ಕು ತಿಂಗಳಿಂದ ನಿಮ್ಮ ಗಲ್ಲಿಯಲ್ಲಿ ನಿನ್ನನ್ನು ಯಾರೂ ನೋಡಿಲ್ಲ. ಚೊಚ್ಚಲಿಗೆ ತವರಿಗೆ ಹೋಗಿದ್ದಳು ಎಂದರೆ ನಂಬುತ್ತಾರೆ.

ಈ ಅವಧಿ ಬರುವ ವರ್ಷ ಡಿಸೆಂಬರಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಮಾತ್ರ. ಆಮೇಲೆ ನಾವು ಚುನಾವಣೆಗೆ ನಿಲ್ಲುವುದಿಲ್ಲ, ಕೂಸನ್ನು ದತ್ತಕದ ಮೇಲೆ ಈ ಮನೆಗೆ ತರುತ್ತೇವೆ. ಶೈಲಶ್ರೀಗೆ ಹಾಗೆಂದು ಮಾತು ಕೊಟ್ಟಿದ್ದೇನೆ. ಎಂಟು ವರ್ಷದಿಂದ ನಿನ್ನ ಮಡಿಲು ಖಾಲಿ ಇದೆ, ಅದು ನನಗೆ ಗೊತ್ತಿದೆ. ಗೊತ್ತಿರುವುದರಿಂದಲೇ ಹೇಳುತ್ತೇನೆ, ಕೂಸು ನಿನ್ನದಲ್ಲ ಎಂಬುದನ್ನು ಮೊದಲ ದಿನದಿಂದ ನೆನಪಿಡು.

ಓದಿ ಒಲೆಗೆ ಹಾಕು.

ನಿನ್ನ ಅವ್ವ
ಉಮಾಬಾಯಿ


ನವಿ ಪೇಠ, ಸೋಲಾಪುರ
೩ ಡಿಸೆಂಬರ್ ೨೦೨೦

ಅವ್ವಾ,

ಪೀರಪ್ಪನ ಕೈಯಲ್ಲಿ ಕಳಿಸಿದ ಬೆಣ್ಣೆ ಮುಟ್ಟಿತು. ಹುಡುಗಿ ಈಗ ಬಾಟಲಿ ಹಿಡಿದಿದ್ದಾಳೆ. ಮೊದಲ ಹತ್ತು ದಿನ ಬಾಯಿಗೆ ಇಟ್ಟರೆ ಮುಖ ತಿರುಗಿಸಿ ನನ್ನ ಕುಪ್ಪಸ ಹುಡುಕುತ್ತಿದ್ದಳು. ಇಪ್ಪತ್ತೆರಡು ದಿನ ವೈನಿ ಹಾಲು ಕುಡಿದ ಕೂಸು, ಅದಕ್ಕೆ ಯಾರು ಏನು ಹೇಳಬೇಕು.

ಇಲ್ಲಿ ಯಾರೂ ಅನುಮಾನ ಪಡಲಿಲ್ಲ. ಎದುರು ಮನೆಯವರು ಬಂದು, "ಲಾಕ್‌ಡೌನದಾಗ ಗಪ್‌ಚಿಪ್ ಹಡದ ಕುಂತೀಯಲ್ಲ ಪ್ರಾಜಕ್ತಾ, ಒಂದ ಪೇಢಾನೂ ಇಲ್ಲಂದ್ರ ಹ್ಯಾಂಗ" ಎಂದು ನಕ್ಕರು. ಪೇಢೆ ತರಿಸಿ ಹಂಚಿದೆ. ವೈನಿ ಅವಳ ಕಿವಿಯಲ್ಲಿ ಗೌರಿ ಎಂದು ಹೇಳಿದ್ದರು. ಇಲ್ಲಿ ನನ್ನ ಅತ್ತೆ ಈಶ್ವರಿ ಎಂದು ಇಟ್ಟರು. ಎಲ್ಲರೂ ಈಶ್ವರಿ ಎನ್ನುತ್ತಾರೆ, ನಾನೂ.

ಫೋನ್ ಬೇಡ ಎಂದು ನೀನು ಹೇಳಿದ್ದೆ. ನಿನ್ನೆ ವೈನಿಯೇ ಮಾಡಿದರು. "ಮಾತೇನೂ ಬ್ಯಾಡ್ರಿ, ಆಕಿ ಅಳು ಒಂದೀಟು ಕೇಳಸ್ರಿ" ಎಂದರು. ಅಳುತ್ತಿರಲಿಲ್ಲ, ಪಂಖಾ ನೋಡಿ ನಗುತ್ತಿದ್ದಳು. ಅದನ್ನೇ ಕೇಳಿಸಿದೆ. ಅವರು ಇಟ್ಟುಬಿಟ್ಟರು. ನಗು ಕೇಳಿಸಬಾರದಿತ್ತೇನೋ.

ಕೂಸು ನನ್ನದಲ್ಲ ಎಂಬುದು ನೆನಪಿದೆ. ಮೊದಮೊದಲು ಇನ್ನು ಎಷ್ಟು ತಿಂಗಳು ಎಂದು ಕ್ಯಾಲೆಂಡರ್ ನೋಡುತ್ತಿದ್ದೆ. ಈಗ ನೋಡುವುದನ್ನು ಬಿಟ್ಟಿದ್ದೇನೆ.

ನಿನ್ನ
ಪ್ರಾಜಕ್ತಾ


ಕಲ್ಲಹಿಪ್ಪರಗಿ
೧೨ ಜನವರಿ ೨೦೨೨

ಪ್ರಾಜಕ್ತಾ,

ಅವಧಿ ಮುಗಿಯಿತು. ಪರಿಷತ್ತಿನಲ್ಲಿ ಈಗ ಸದಸ್ಯರೂ ಇಲ್ಲ, ಸಭೆಯೂ ಇಲ್ಲ. ಪ್ರಶಾಸಕರೆಂದು ಒಬ್ಬ ಅಧಿಕಾರಿ ಬಂದು ಕೂತಿದ್ದಾರೆ, ಊರಿನ ಎಲ್ಲ ಕೆಲಸ ಅವರೊಬ್ಬರ ಸಹಿಯ ಮೇಲೆ. ಸಭಾಗೃಹಕ್ಕೆ ಬೀಗ. ಆದರೂ ಬೀದಿ ದೀಪ ಹೋಯಿತು, ನಳಕ್ಕೆ ಗಟಾರದ ನೀರು ಬಂತು ಎಂದು ಜನ ಮೊದಲಿನ ಹಾಗೆಯೇ ನಮ್ಮ ಅಂಗಡಿಯ ಮುಂದೆ ಬಂದು ನಿಲ್ಲುತ್ತಾರೆ. ಏಪ್ರಿಲ್‌ನಲ್ಲಿ ಚುನಾವಣೆ ಎಂಬ ಸುದ್ದಿ ಇದೆ.

ಇಲ್ಲಿ ಮನೆಯಲ್ಲಿ ನಡೆದದ್ದನ್ನು ಯೋಗಿರಾಜ ಹೇಳಿರಬಹುದು, ಸರಿಯಾಗಿ ಹೇಳಿರಲಾರ. ಅವಧಿ ಮುಗಿದ ಮರುದಿನ ಶೈಲಶ್ರೀ ಒಂದು ಚೀಲ ಹಿಡಿದು ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿಗೆ ಹೋಗಿ ಕೂತಳು. ಎಸ್‌ಟಿ ಬಸ್ಸಿನವರ ಮುಷ್ಕರ ನಡೆದಿದೆ, ಒಂದು ಬಸ್ಸೂ ಇಲ್ಲ. ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದಳಂತೆ. ಯೋಗಿರಾಜ ಗಾಡಿಯ ಮೇಲೆ ಕರೆತಂದ. ಚೀಲ ಬಿಚ್ಚಿಸಿದೆ. ಒಳಗೆ ಬರೀ ಲಂಗ ಜಂಪರು, ಅಳತೆ ಗೊತ್ತಿಲ್ಲದೆ ಹೊಲಿದದ್ದು. ಒಂದು ಆರು ತಿಂಗಳ ಕೂಸಿಗೆ ಆಗುವಂಥದು, ಒಂದು ನಾಲ್ಕು ವರ್ಷದವಳಿಗೆ.

"ಅವಧಿ ಮುಗೀತಲ್ರಿ ಅತ್ತಿ" ಎಂದಳು.

"ಇನ್ನ ಮೂರು ತಿಂಗಳಿಗೆ ಚುನಾವಣಿ ಐತಿ. ವಾರ್ಡು ಎತ್ತಿ ಖಂಡಪ್ಪನ ಉಡಿಯಾಗ ಹಾಕೂಣೇನು?"

"ಇನ್ನ ನಿಲ್ಲಂಗಿಲ್ಲ ಅಂದಿದ್ರಿ ನೀವು."

"ಅಂದಿದ್ದೆ. ಈಗ ನಿಲ್ಲೂದು ಐತಿ ಅಂತೀನಿ."

ಅವಳು ಚೀಲದ ಬಾಯಿ ಕಟ್ಟಿದಳು. ಅಡುಗೆಮನೆಗೆ ಹೋಗಿ ರೊಟ್ಟಿ ಬಡಿದಳು. ಚುನಾವಣೆ ಆಗಲಿ, ಆಮೇಲೆ ನೋಡೋಣ. ಹುಡುಗಿಯನ್ನು ಈ ಕಡೆ ಕರೆತರಬೇಡ.

ಉಮಾಬಾಯಿ


ಸೋಲಾಪುರ
೨೦ ಜೂನ್ ೨೦೨೩

ಅವ್ವಾ,

ಮೂರು ತಿಂಗಳು ಎಂದು ನೀನು ಬರೆದಿದ್ದೆ. ಒಂದೂವರೆ ವರ್ಷವಾಯಿತು. ಪ್ರತಿ ಸಲ ಪೇಪರಿನಲ್ಲಿ ಚುನಾವಣೆ ಮುಂದೆ ಹೋಯಿತು ಎಂದು ಬಂದಾಗ ನನಗೆ ಜೀವ ಬಂದಂತಾಗುತ್ತದೆ. ಇದನ್ನು ನಿನ್ನ ಹತ್ತಿರ ಬಿಟ್ಟು ಯಾರ ಹತ್ತಿರ ಹೇಳಲಿ? ಅಲ್ಲಿ ವೈನಿ ಅದೇ ಸುದ್ದಿ ಓದಿ ಏನು ಮಾಡುತ್ತಾರೆಂದು ಯೋಚಿಸಲು ಹೋಗುವುದಿಲ್ಲ.

ಹೋದ ತಿಂಗಳು ಅಣ್ಣ ಅಂಗಡಿಯ ಮಾಲಿಗೆ ಬಂದಾಗ ವೈನಿಯನ್ನೂ ಕರೆತಂದಿದ್ದ. ನಿನಗೆ ಹೇಳಿರಲಿಕ್ಕಿಲ್ಲ. ಈಶ್ವರಿ ಅವರನ್ನು ಮಾಮಿ ಎಂದಳು. ನಾನೇ ಕಲಿಸಿದ್ದು, ಬೇರೆ ಏನು ಕಲಿಸಲಿ? ವೈನಿ ಶೇಂಗಾ ಹೋಳಿಗೆ ಮುರಿದು ಕೊಟ್ಟರು, ಇವಳು ತಗೊಂಡಳು. ಇಬ್ಬರ ಕೈಯನ್ನೂ ನೋಡುತ್ತ ಕೂತೆ.

ಬಾಲವಾಡಿಗೆ ಹಾಕಿದ್ದೇವೆ. ಪಾಟಿಯ ಮೇಲೆ ಬರೆಯುವ ಖಡು, ಚಮಚ, ಬಾಚಣಿಗೆ ಎಲ್ಲವನ್ನೂ ಎಡಗೈಯಲ್ಲೇ ಹಿಡಿಯುತ್ತಾಳೆ. ಬಾಲವಾಡಿಯಲ್ಲಿ ಕಲಿಸುವ ಬಾಯಿಯವರು ಆ ರೂಢಿ ಬಿಡಿಸಿ ಎನ್ನುತ್ತಾರೆ. ಶೈಲೇಶ ಅವರು, ಇರಲಿ ಬಿಡು ಎನ್ನುತ್ತಾರೆ. ನಾನೇನು ಮಾಡಲಿ?

ಪ್ರಾಜಕ್ತಾ


ಕಲ್ಲಹಿಪ್ಪರಗಿ
೧ ಜುಲೈ ೨೦೨೩

ಪ್ರಾಜಕ್ತಾ,

ಎಡಗೈ ಬಿಡಿಸು. ಈ ಊರಲ್ಲಿ ಠರಾವಿನ ಪುಸ್ತಕಕ್ಕೆ ಎಡಗೈಯಲ್ಲಿ ಸಹಿ ಹಾಕಿದವಳು ಒಬ್ಬಳೇ, ಅದನ್ನು ಇಡೀ ಸಭೆ ಐದು ವರ್ಷ ನೋಡಿದೆ. ಬೈದರೆ ಆಗದಿದ್ದರೆ ಕೈಗೆ ಬಟ್ಟೆ ಕಟ್ಟು. ತಿಂಗಳಲ್ಲಿ ರೂಢಿಯಾಗುತ್ತದೆ.

ಶೈಲಶ್ರೀಯನ್ನು ಇನ್ನು ಸೋಲಾಪುರಕ್ಕೆ ಕಳಿಸುವುದಿಲ್ಲ. ಯೋಗಿರಾಜನಿಗೂ ಹೇಳಿದ್ದೇನೆ.

ಉಮಾಬಾಯಿ


ಕಲ್ಲಹಿಪ್ಪರಗಿ
೬ ನವೆಂಬರ್ ೨೦೨೫

ಪ್ರಾಜಕ್ತಾ,

ಕೊನೆಗೂ ಚುನಾವಣೆ ಬಂತು. ಚೀಟಿ ಎತ್ತಿದಾಗ ನಾಲ್ಕನೇ ವಾರ್ಡು ಮತ್ತೆ ಹೆಂಗಸರಿಗೇ ಬಂದಿದೆ. ನಾನೇ ನಿಲ್ಲುತ್ತೇನೆ ಎಂದೆ. ಅರವತ್ತೈದು ದಾಟಿದವರಿಗೆ ಟಿಕೆಟ್ ಇಲ್ಲ ಎಂದರು ಪಕ್ಷದವರು, ಅದೂ ಎಪ್ಪತ್ತು ದಾಟಿದವರು ಕೂತು ಹೇಳಿದ್ದು. ಟಿಕೆಟಿಗೆ ಶೈಲಶ್ರೀಯ ಹೆಸರು ಕಳಿಸಿದ್ದೇವೆ. ಖಂಡಪ್ಪ ತನ್ನ ಹೆಂಡತಿಯನ್ನು ನಿಲ್ಲಿಸುತ್ತಾನೆ.

ಅವನಿಗೆ ಎಲ್ಲೋ ವಾಸನೆ ಹತ್ತಿದೆ. ಇಂದುಬಾಯಿ ತೀರಿಕೊಳ್ಳುವ ಮುಂಚೆ ಯಾರಿಗಾದರೂ ಹೇಳಿದಳೋ ಏನೋ. ನಿನ್ನೆ ಅಂಗಡಿಯ ಮುಂದೆ ನಾಲ್ಕು ಜನರನ್ನು ಕಟ್ಟಿಕೊಂಡು ನಿಂತು, "ಉಮಾಬಾಯಾರ, ಮೊಮ್ಮಕ್ಕಳು ಎಷ್ಟು ಮಂದಿ ಆದ್ರೀ ಈಗ?" ಎಂದು ಕೇಳಿದ.

"ಮೊದಲ ನಿನಗ ಬೀಳೋ ಓಟು ಎಣಸೂದು ಕಲಿ ಖಂಡಪ್ಪ. ಅವು ಕಡಿಮಿ ಅದಾವ, ಲಗೂನ ಮುಗೀತಾವ" ಎಂದೆ. ಜನ ನಕ್ಕರು. ಅವನೂ ನಕ್ಕ. ಅವನು ನಕ್ಕದ್ದು ನನಗೆ ಸರಿ ಬರಲಿಲ್ಲ.

ಹದಿನೆಂಟಕ್ಕೆ ಅರ್ಜಿಗಳ ಪರಿಶೀಲನೆ. ಇವಳಿಗೆ ಮೂರು ಮಕ್ಕಳು ಎಂದು ಅವನು ಆಕ್ಷೇಪ ಹಾಕುವುದು ಖಂಡಿತ. ಅಂದು ನೀನು ಹುಡುಗಿಯನ್ನೂ ಅವಳ ಜನ್ಮದ ಮೂಲ ದಾಖಲೆಯನ್ನೂ ತೆಗೆದುಕೊಂಡು ಬರಬೇಕು. ಅಧಿಕಾರಿಯ ಮುಂದೆ ಹುಡುಗಿ ನಿನ್ನನ್ನು ಆಯಿ ಎಂದು ಕರೆದರೆ ಮಾತು ಮುಗಿಯಿತು.

ಉಮಾಬಾಯಿ


ಸೋಲಾಪುರ
೯ ನವೆಂಬರ್ ೨೦೨೫

ಅವ್ವಾ,

ಈಶ್ವರಿಯನ್ನು ಆ ಕಚೇರಿಗೆ ತರುವುದಿಲ್ಲ. ಐದು ವರ್ಷದ ಹುಡುಗಿಯನ್ನು ನಿಲ್ಲಿಸಿ, ನಿನ್ನ ತಾಯಿ ಯಾರು ಎಂದು ಕೇಳಿಸಲು ಬಿಡುವುದಿಲ್ಲ. ಪಕ್ಕದಲ್ಲಿ ವೈನಿ ನಿಂತಿರುತ್ತಾರೆ ಎಂಬುದು ನಿನಗೆ ಹೊಳೆಯಲೇ ಇಲ್ಲವೇ?

ಮೂಲ ದಾಖಲೆ ನನ್ನ ಕಪಾಟಿನಲ್ಲಿದೆ. ಕಳಿಸುತ್ತೇನೆ, ಆದರೆ ಅದಕ್ಕೆ ಮೊದಲು ನೀನು ಒಂದು ಮಾತು ಬರೆದು ಕೊಡಬೇಕು. ಈಶ್ವರಿ ನನ್ನವಳು, ಮುಂದೆ ಎಂದೂ ನೀನಾಗಲಿ ನಿನ್ನ ಮನೆಯವರಾಗಲಿ ಅವಳನ್ನು ಕೇಳುವುದಿಲ್ಲ ಎಂದು. ನಿನ್ನ ಕೈಯಿಂದ ಬರೆದು, ಕೆಳಗೆ ಸಹಿ ಹಾಕಬೇಕು. ವೈನಿಗೆ ನೀನು ಬಾಯಿಮಾತು ಕೊಟ್ಟಿದ್ದೆ. ಅದು ಏನಾಯಿತೆಂದು ನೋಡಿದ್ದೇನೆ.

ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಆದರೆ ಅವಳು ಜ್ವರದಲ್ಲಿ ಕನವರಿಸಿದಾಗ ಎದ್ದು ಕೂತವಳು ನಾನು. ಬಲಗೈಯಲ್ಲಿ ಬರೆಯಲು ಬಾರದೆ ಪಾಟಿ ಒಡೆದು ಅತ್ತಾಗ ಎಡಗೈಗೆ ಬಟ್ಟೆ ಕಟ್ಟಿದವಳೂ ನಾನೇ, ನಿನ್ನ ಮಾತಿನ ಮೇಲೆ. ಇಷ್ಟೆಲ್ಲ ಮಾಡಿಸಿಕೊಂಡ ಮೇಲೆ ನಿನ್ನದಲ್ಲ ಎನ್ನಬೇಡ.

ಪ್ರಾಜಕ್ತಾ


ಕಲ್ಲಹಿಪ್ಪರಗಿ
೧೨ ನವೆಂಬರ್ ೨೦೨೫

ಪ್ರಾಜಕ್ತಾ,

ನನ್ನ ಮಗಳೇ ನನ್ನ ಸಹಿ ಕೇಳುವ ದಿನ ಬಂತು. ತಗೋ.

ಈಶ್ವರಿ ಪ್ರಾಜಕ್ತಾ ಶೈಲೇಶ ಇವರ ಮಗಳು. ಆಕೆಯ ಮೇಲೆ ಈ ಮನೆಯ ಯಾರ ಹಕ್ಕೂ ಇಲ್ಲ. ನಾನಾಗಲಿ ಯೋಗಿರಾಜನಾಗಲಿ ಶೈಲಶ್ರೀಯಾಗಲಿ ಆಕೆಯನ್ನು ಎಂದೂ ಕೇಳುವುದಿಲ್ಲ. ಇದನ್ನು ನಾನು ಬುದ್ಧಿಪೂರ್ವಕವಾಗಿ ಬರೆದುಕೊಟ್ಟಿದ್ದೇನೆ.

ಉಮಾಬಾಯಿ ಮಲಕಾಜಪ್ಪ

ದಾಖಲೆಯನ್ನು ಶುಕ್ರವಾರದೊಳಗೆ ಪೀರಪ್ಪನ ಕೈಯಲ್ಲಿ ಕಳಿಸು. ಶೈಲಶ್ರೀಯನ್ನು ಕೇಳಿ ಬರೆದಿಲ್ಲ. ಕೇಳುವ ಅಗತ್ಯ ಕಾಣಲಿಲ್ಲ.


ಕಲ್ಲಹಿಪ್ಪರಗಿ
೧೯ ನವೆಂಬರ್ ೨೦೨೫

ಪ್ರಾಜಕ್ತಾ,

ಅರ್ಜಿ ಸ್ವೀಕಾರವಾಯಿತು. ಹೇಗೆ ಆಯಿತೆಂಬುದನ್ನು ನೀನು ಬೇರೆಯವರಿಂದ ಕೇಳುವ ಮೊದಲು ನಾನೇ ಬರೆಯುತ್ತೇನೆ.

ಚುನಾವಣಾಧಿಕಾರಿ ಮರಾಠವಾಡದ ಕಡೆಯವರು, ಕನ್ನಡ ಒಂದು ಅಕ್ಷರ ತಿಳಿಯದು. ಖಂಡಪ್ಪ ಪುಣೆಯಿಂದ ವಕೀಲನನ್ನು ಕರೆಸಿದ್ದ. ವಕೀಲ ಅರ್ಧ ತಾಸು ಮಾತಾಡಿದ, ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ನೀನು ಕಳಿಸಿದ ಜನ್ಮದ ಮೂಲ ದಾಖಲೆ ಇ‌ಟ್ಟೆ. ಅಧಿಕಾರಿ ಅದನ್ನು ಎರಡು ಸಲ ನೋಡಿದರು. ಆಮೇಲೆ ಶೈಲಶ್ರೀಯ ಕಡೆ ತಿರುಗಿ, ನಿಮಗೆ ಎಷ್ಟು ಮಕ್ಕಳೆಂದು ನಿಮ್ಮ ಕೈಯಿಂದ ಬರೆದು ಸಹಿ ಮಾಡಿ, ಕಡತಕ್ಕೆ ಹಚ್ಚಿ ಆಕ್ಷೇಪ ತೆಗೆದುಹಾಕುತ್ತೇನೆ ಎಂದರು. ಬರೀ ಔಪಚಾರಿಕ.

"ಮರಾಠಿ ಬರಿಯಾಕ ನೀಟ ಬರಂಗಿಲ್ರಿ ಸಾಹೇಬ್ರ. ಕನ್ನಡದಾಗ ಬರೀತೀನಿ" ಎಂದಳು. ಅದು ಹೊಸದಲ್ಲ. ಇಂಡಿ ತಾಲೂಕಿನ ಕನ್ನಡ ಸಾಲೆಯಲ್ಲಿ ಕಲಿತವಳು, ಪರಿಷತ್ತಿನಲ್ಲೂ ಐದು ವರ್ಷ ಕನ್ನಡದಲ್ಲೇ ಸಹಿ ಮಾಡಿದವಳು. ಗುಮಾಸ್ತ ಅರ್ಥ ಹೇಳಿದ, ಅಧಿಕಾರಿ ಹೂಂ ಎಂದರು. ಅವಳು ಕೂತು ಎಡಗೈಯಲ್ಲಿ ನಿಧಾನವಾಗಿ ಎರಡು ಸಾಲು ಬರೆದು ಕಾಗದ ಮುಂದೆ ಸರಿಸಿದಳು.

ಅಧಿಕಾರಿ ಅದನ್ನು ಹಿಂದೆ ಮುಂದೆ ತಿರುಗಿಸಿ, ಇದನ್ನು ಯಾರು ಓದುತ್ತಾರೆ ಎಂದು ಕೇಳಿದರು. ಗುಮಾಸ್ತ ಬಾರ್ಶಿಯವನು, ಆಡುತ್ತಾನೆ, ಓದಲು ಬಾರದು. ಖಂಡಪ್ಪ ಮನೆಯಲ್ಲಿ ಕನ್ನಡ ಆಡುವವನು, ಕಲಿತದ್ದು ಮರಾಠಿ ಸಾಲೆ. ಯೋಗಿರಾಜನದೂ ಅದೇ. ಆ ಕೋಣೆಯಲ್ಲಿ ಅದನ್ನು ಓದಬಲ್ಲವರು ಬರೆದವಳನ್ನು ಬಿಟ್ಟರೆ ನಾನೊಬ್ಬಳೇ. ಚಷ್ಮಾ ಹಾಕಿಕೊಂಡು ಮುಂದೆ ಹೋದೆ.

"ನನಗೆ ಮೂವರು ಹೆಣ್ಣುಮಕ್ಕಳು. ಮೂರನೆಯವಳನ್ನು ನಮ್ಮ ಮನೆಯಲ್ಲೇ ೧೪ ಆಗಸ್ಟ್ ೨೦೨೦ರಂದು ನಾನೇ ಹೆತ್ತಿದ್ದೇನೆ." ಇದು ಅವಳು ಬರೆದದ್ದು.

"ನನಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರನ್ನು ಬಿಟ್ಟು ಬೇರೆ ಮಕ್ಕಳಿಲ್ಲ." ಇದು ನಾನು ಮರಾಠಿಯಲ್ಲಿ ಓದಿ ಹೇಳಿದ್ದು.

ಶೈಲಶ್ರೀಗೆ ಮರಾಠಿ ಕೇಳಿದರೆ ತಿಳಿಯುತ್ತದೆ. ಎದ್ದು ನಿಂತು ಇಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ನನ್ನ ಮುಖ ನೋಡುತ್ತ ಕೂತಳು. ಅಧಿಕಾರಿ ಆ ಕಾಗದದ ಮೇಲೆ ಸಿಕ್ಕಾ ಹೊಡೆದು ಕಡತದಲ್ಲಿ ಸೇರಿಸಿದರು.

ದಾರಿಯಲ್ಲಿ ರಿಕ್ಷಾದಲ್ಲಿ ಕೇಳಿದೆ, "ಯಾಕ ಹಂಗ ಬರದಿ? ಬಾಯಿಲೇ ಹೇಳಬೇಕಿತ್ತಲ್ಲ, ಅಷ್ಟು ಧೈರ್ಯ ಇದ್ರ."

"ಸಾಹೇಬ್ರ ಸಲುವಾಗಿ ಬರದಿಲ್ರಿ ಅತ್ತಿ. ಓದಾವ್ರು ನೀವ ಅಂತ ಗೊತ್ತಿತ್ತು. ಏನ ಓದತೀರಿ ನೋಡಬೇಕಿತ್ತು."



ಉಮಾಬಾಯಿ


ಸೋಲಾಪುರ
೨೨ ನವೆಂಬರ್ ೨೦೨೫

ಅವ್ವಾ,

ನೀನು ಓದಿದ್ದು ನನಗೆ ಬೇಕಾದದ್ದೇ. ಆದರೂ ನಿನ್ನ ಕಾಗದ ಓದಿದ ಮೇಲೆ ತಾಟಿನ ಮುಂದೆ ಕೂಡಲಾಗಲಿಲ್ಲ.

ಆ ಎರಡು ಸಾಲು ಈಗ ಸರಕಾರಿ ಕಡತದಲ್ಲಿದೆ. ಕನ್ನಡ ಓದುವ ಯಾರಾದರೂ ಒಂದು ದಿನ ಅದನ್ನು ತೆರೆಯುತ್ತಾರೆ. ಹೇಗಾದರೂ ತೆಗೆಸು ಅವ್ವಾ. ನಿನಗೆ ಎಲ್ಲ ಕಚೇರಿಯಲ್ಲೂ ಜನ ಇದ್ದಾರೆ.

ಈಶ್ವರಿ ನಿನ್ನೆ ತನ್ನ ಹೆಸರು ಪೂರ್ತಿ ಬರೆದಳು. ಬಲಗೈಯಲ್ಲಿ. ಅಕ್ಷರಗಳೆಲ್ಲ ಒಂದರ ಮೇಲೊಂದು ಬಿದ್ದಿವೆ.

ಪ್ರಾಜಕ್ತಾ


ಕಲ್ಲಹಿಪ್ಪರಗಿ
೧೬ ಜನವರಿ ೨೦೨೬

ಪ್ರಾಜಕ್ತಾ,

ಶೈಲಶ್ರೀ ಅರವತ್ಮೂರು ಮತಗಳಿಂದ ಗೆದ್ದದ್ದು ನಿನಗೆ ಗೊತ್ತಿದೆ. ಗುಲಾಲು ಹಾರಿತು, ಹಲಗೆ ಬಾರಿಸಿದರು, ಖಂಡಪ್ಪ ಬಂದು ನನ್ನ ಕಾಲು ಮುಟ್ಟಿ ಹೋದ. ಅದಾದ ಮೇಲಿನ ಸಂಗತಿ ಯಾರಿಗೂ ಹೇಳಿಲ್ಲ.

ನಮ್ಮ ಅಂಗಡಿಯ ಒಳಗಿನ ಮೇಜು ನೆನಪಿದೆಯಲ್ಲ? ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ವಾರ್ಡಿನವರು ಬರುವುದು, ರಹಿವಾಸಿ ದಾಖಲೆ, ವಿಧವಾ ಪಿಂಚಣಿಯ ಶಿಫಾರಸು, ನಳದ ಅರ್ಜಿ, ಎಲ್ಲಕ್ಕೂ ಅಲ್ಲೇ ಸಹಿ ಆಗುವುದು. ನಿಮ್ಮ ಅಪ್ಪನ ಕಾಲದಿಂದ ನಡೆದದ್ದು. ಗೆದ್ದ ಮರುದಿನ ಶೈಲಶ್ರೀಯನ್ನು ಅಲ್ಲಿ ಕೂಡಿಸಿದೆ. ಕೂತಳು. ಯಾರ ಕಾಗದಕ್ಕೂ ಸಹಿ ಹಾಕಲಿಲ್ಲ. ಸಿಟ್ಟಿಲ್ಲ, ಅಳುವಿಲ್ಲ. ಕಾಗದ ತೆಗೆದುಕೊಳ್ಳುತ್ತಾಳೆ, ಓದುತ್ತಾಳೆ, ಮಡಚಿ ತಿರುಗಿ ಕೊಡುತ್ತಾಳೆ.

ಸೋಮವ್ವ ಎಂಬ ಕುರುಬರ ಹೆಂಗಸು, ಗಂಡ ತೀರಿ ವರ್ಷವಾಗಿದೆ, ಪಿಂಚಣಿಯ ಅರ್ಜಿ ಹಿಡಿದು ಮೂರು ದಿನ ಬಂದಳು. ಮೂರನೇ ದಿನ ಕೇಳಿಯೇಬಿಟ್ಟಳು, "ನಮ್ಮವ್ವ, ನಾ ಏನ ತಪ್ಪ ಮಾಡೀನಿ? ನಿಮಗ ಓಟು ಹಾಕೀನಲ್ಲ."

"ತಪ್ಪು ನಿಂದಲ್ಲ ಸೋಮವ್ವ. ನಾ ಬರದದ್ದು ಇಲ್ಲಿ ಯಾರಿಗೂ ಓದಾಕ ಬರಂಗಿಲ್ಲ. ನನ್ನ ಸಹಿ ತಗೊಂಡು ಏನ ಮಾಡತೀ?"

ಸೋಮವ್ವ ನನ್ನ ಕಡೆ ನೋಡಿದಳು. ನಾನು ಕಾಗದ ಕಸಿದುಕೊಂಡು ನಾನೇ ಸಹಿ ಹಾಕಿದೆ. ಆಮೇಲೆ ನೆನಪಾಯಿತು, ನನ್ನ ಸಹಿಗೆ ಈಗ ಬೆಲೆ ಇಲ್ಲ, ನಾನು ಸದಸ್ಯಳಲ್ಲ. ಅವಳಿಗೆ ತಿರುಗಿ ಕೊಟ್ಟೆ. ಅವಳು ಮೆಟ್ಟಿಲಿಳಿದು ಹೋದಳು. ಈಗ ಜನ ಬರುವುದೇ ಕಡಿಮೆಯಾಗಿದೆ, ಐದನೇ ವಾರ್ಡಿನವರ ಹತ್ತಿರ ಹೋಗುತ್ತಾರೆ. ಮೊದಲ ಸಭೆಯಲ್ಲೂ ಅವಳು ಹಾಜರಿ ಪುಸ್ತಕಕ್ಕೆ ಸಹಿ ಹಾಕದೆ ಕೂತು ಬಂದಳಂತೆ.

ಇನ್ನೂ ಒಂದಿದೆ. ಅದನ್ನು ಬರೆಯಲೆಂದೇ ಇಷ್ಟು ಬರೆದೆ.

ಮೊನ್ನೆ ಮಧ್ಯಾಹ್ನ ನಾವಿಬ್ಬರೇ ಇದ್ದೆವು. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಅವಳು ಬಂದು ಎದುರಿಗೆ ಕೂತು, "ಅತ್ತಿ, ಒಂದ ಮಾತು ಕೇಳತೀನಿ, ಖರೇ ಹೇಳ್ರಿ" ಎಂದಳು.

"ಕೇಳು."

"ಅವತ್ತ ಗಂಡ ಕೂಸು ಆಗಿದ್ರ?"

ನನಗೆ ಉತ್ತರ ಹುಡುಕಬೇಕಾಗಿರಲಿಲ್ಲ. ಐದು ವರ್ಷದಿಂದ ಅದು ನನ್ನ ಹತ್ತಿರವೇ ಇದೆ. ಅಂದು ಇಂದುಬಾಯಿ ಹೊರಗೆ ಬಂದು, ಹೆಣ್ಣು ಎಂದಾಗ ನಾನು ಒಳಗೆ ಹೋಗಿ ಕೂಸಿನ ಮುಖ ನೋಡುವ ಮೊದಲು ಸಾತಲಿಂಗಪ್ಪನಿಗೆ ಫೋನ್ ಮಾಡಿದೆ. ಗಂಡು ಎಂದಿದ್ದರೆ ಫೋನ್ ಮಾಡುತ್ತಿರಲಿಲ್ಲ. ಮರುದಿನ ನಾನೇ ಪರಿಷತ್ತಿಗೆ ಹೋಗಿ ಇವಳ ರಾಜೀನಾಮೆ ಕೊಟ್ಟು, ಊರಿಗೆಲ್ಲ ಪೇಢೆ ಹಂಚುತ್ತಿದ್ದೆ. ಕೂಸನ್ನು ಖುರ್ಚಿಗಾಗಿ ಕೊಟ್ಟೆ ಎಂದು ನಿನಗೂ ಅವಳಿಗೂ ಹೇಳಿದೆ, ನಾನೂ ಹಾಗೆಯೇ ಅಂದುಕೊಂಡೆ. ಮೂವತ್ತು ವರ್ಷ ಹೆಂಗಸರ ಮೀಸಲು ಸ್ಥಾನದ ಮೇಲೆ ಭಾಷಣ ಮಾಡಿದವಳು ನಾನು.

"ಗಂಡ ಆಗಿದ್ರ ಕೊಡತಿರಲಿಲ್ಲ" ಎಂದೆ.

ಅವಳು ತಲೆಯಾಡಿಸಿ, ಬಿಡಿಸಿದ ಸೊಪ್ಪು ಎತ್ತಿಕೊಂಡು ತೊಳೆಯಲು ಹೋದಳು. ಅಷ್ಟೇ ಆದದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕಡತದಿಂದ ಆ ಕಾಗದ ತೆಗೆಸು ಎಂದು ನೀನು ಬರೆದಿದ್ದೆ. ತೆಗೆಸಬಹುದು, ಜನ ಇದ್ದಾರೆ. ತೆಗೆಸುವುದಿಲ್ಲ. ಸೋಮವಾರ ನಾನು ಕಲೆಕ್ಟರ್ ಕಚೇರಿಗೆ ಬರುತ್ತಿದ್ದೇನೆ. ಕಡತ ತರಿಸಿ ಅವಳು ಬರೆದದ್ದನ್ನು ಬರೆದ ಹಾಗೆ ಓದುತ್ತೇನೆ, ಅಂದು ನಾನು ಓದಿದ್ದು ಸುಳ್ಳೆಂದು ಬರೆದು ಕೊಡುತ್ತೇನೆ. ಜನ್ಮ ನೋಂದಣಿಯಲ್ಲಿ ಸಹಿ ನನ್ನದು. ಸಾತಲಿಂಗಪ್ಪ ನಾನು ಹೇಳಿದ್ದನ್ನು ಬರೆದ, ನೀನು ನಾನು ಹೇಳಿದ್ದನ್ನು ಕೇಳಿದೆ. ಸದಸ್ಯತ್ವ ಹೋಗುತ್ತದೆ, ನನ್ನ ಮೇಲೆ ಕೇಸು ಆಗುತ್ತದೆ. ಯೋಗಿರಾಜ ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ನಿನಗೆ ನಾನು ಬರೆದುಕೊಟ್ಟ ಚೀಟಿ ನಿನ್ನ ಹತ್ತಿರ ಇದೆ. ಇಟ್ಟುಕೋ, ಕೋರ್ಟಿಗೆ ಬೇಕಾದರೆ ತಾ. ಶೈಲಶ್ರೀಗೆ ಬಾಯಿಂದ ಕೊಟ್ಟ ಮಾತು ಮುರಿದೆ, ನಿನಗೆ ಬರೆದು ಕೊಟ್ಟದ್ದನ್ನೂ ಮುರಿಯುತ್ತಿದ್ದೇನೆ. ಹುಡುಗಿ ಯಾರ ಮನೆಯಲ್ಲಿ ಇರಬೇಕೆಂದು ನಾನು ಹೇಳುವುದಿಲ್ಲ. ಅದನ್ನು ಹೇಳುವ ಬಾಯಿ ನನಗೆ ಉಳಿದಿಲ್ಲ. ಹೆತ್ತವಳು ಯಾರೆಂದು ಮಾತ್ರ ಹೇಳುತ್ತೇನೆ, ಉಳಿದದ್ದು ನೀವಿಬ್ಬರೂ ಕೋರ್ಟಿನವರೂ ನೋಡಿಕೊಳ್ಳಬೇಕು. ಶೈಲಶ್ರೀ ಅವಳನ್ನು ಬಿಡುವುದಿಲ್ಲ. ನೀನೂ ಬಿಡುವುದಿಲ್ಲವೆಂದು ಗೊತ್ತು. ನಿಮ್ಮಿಬ್ಬರನ್ನೂ ಎದುರುಬದುರು ನಿಲ್ಲಿಸಿದವಳು ನಾನು.

ಕಲೆಕ್ಟರ್ ಕಚೇರಿಯಿಂದ ನವಿ ಪೇಠಕ್ಕೆ ನಡೆದೇ ಬರಬಹುದು. ಬರುವುದಿಲ್ಲ. ನೀನು ಬಾಗಿಲು ತೆರೆಯುತ್ತೀಯೋ ಇಲ್ಲವೋ ಎಂದು ನಿಂತು ನೋಡುವ ಧೈರ್ಯ ನನಗಿಲ್ಲ.

ಉಮಾಬಾಯಿ